ತಳಂಗರೆಯ ಕೆಸರು, ಅಪ್ಪನ ಮೈಲುತುತ್ತು ಮತ್ತು ನನ್ನ ಹದಿನಾಲ್ಕು ತಿಂಗಳು

ಕೆಸರಿನ ಬ್ಯಾಕ್ಟೀರಿಯಾಕ್ಕೆ ತಾಮ್ರ ತಡೆಯುವುದನ್ನು ಅಭ್ಯಾಸ ಮಾಡಿಸಲು ಹೊರಟಿದ್ದೆ. ಹತ್ತನೇ ಸಲವೂ ಪ್ಲೇಟ್ ಖಾಲಿ ಬಂದಾಗ ನಮ್ಮ ಮೇಷ್ಟ್ರು, "ಮಾರಾಯ, ಸತ್ತದ್ದು ಸತ್ತಿತು. ಬೇರೆ ಟಾಪಿಕ್ ನೋಡು" ಎಂದಿದ್ದರು. ಲ್ಯಾಬಿನಲ್ಲಿ ಉಳಿದವರೂ ತಲೆಯಾಡಿಸಿದರು. ಈಗ ಅದೇ ಕೆಸರಿನ ಆರು ತಳಿಗಳು ಗ್ಲಿಸರಾಲ್‌ನಲ್ಲಿ ಮುಳುಗಿ ಫ್ರೀಜರಿನಲ್ಲಿ ಮಲಗಿವೆ. ಮೊದಲು 40 ಮೈಕ್ರೋಮೋಲಾರ್ (ಲೀಟರಿನಲ್ಲಿ ಎಷ್ಟು ಕರಗಿದೆ ಎಂಬ ಅಳತೆ) ತಾಮ್ರಕ್ಕೇ ಸಾಯುತ್ತಿದ್ದವು, ಈಗ 240ರ ಆಸುಪಾಸಿನಲ್ಲೂ ಬೆಳೆಯುತ್ತವೆ.

ಕೆಸರು ತಂದದ್ದು ಕಾಸರಗೋಡಿನ ತಳಂಗರೆಯಿಂದ, ಚಂದ್ರಗಿರಿ ಹೊಳೆ ಕಡಲು ಸೇರುವ ಕಡೆ, ದೋಣಿ ಮೇಲೆಳೆದು ಬಣ್ಣ ಹೊಡೆಯುವ ಜಾಗದಿಂದ. ದೋಣಿಯ ಅಡಿಗೆ ಚಿಪ್ಪು ಹಿಡಿಯದಂತೆ ಹಚ್ಚುವ ಬಣ್ಣದಲ್ಲಿ ಕ್ಯುಪ್ರಸ್ ಆಕ್ಸೈಡ್, ಅಂದರೆ ತಾಮ್ರದ ಆಕ್ಸೈಡ್, ಇರುವುದು ನಿಮಗೆ ಗೊತ್ತೇ ಇದೆ. ಮೇಲ್ಗಡೆ ಪಯಸ್ವಿನಿಯ ಬದಿಯಲ್ಲೆಲ್ಲ ಅಡಿಕೆ ತೋಟ. ಕೊಳೆರೋಗಕ್ಕೆ ಅಲ್ಲಿ ಬೋರ್ಡೋ ಮದ್ದು ಬಿಡುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ತಾಮ್ರದ ರುಚಿ ಕಂಡ ಬ್ಯಾಕ್ಟೀರಿಯಾ ಬೇಕಿದ್ದರೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯಲಿಲ್ಲ.

ದುಡ್ಡು ಉಳಿಸಲು ಹೋಗಿ ಮೊದಲು ಅಪ್ಪನ ತುತ್ತಿನ ಚೀಲಕ್ಕೇ ಕೈ ಹಾಕಿದೆ. ಎರಡು ತಿಂಗಳು ಹಾಳು. ಆ ತುತ್ತಿನಲ್ಲಿ ಬೇರೆ ಏನೇನು ಸೇರಿರುತ್ತದೋ, ಒಂದು ಸಲದ ಫಲಿತಾಂಶ ಇನ್ನೊಂದು ಸಲಕ್ಕೆ ಬರಲಿಲ್ಲ. ಕೊನೆಗೆ ಲ್ಯಾಬಿಗೆಂದೇ ಶುದ್ಧ ಮಾಡಿದ ಎಆರ್ ಗ್ರೇಡ್ ತುತ್ತು ಕೊಂಡೆ. ಅಪ್ಪ ಮಾತ್ರ ನಕ್ಕು, "ನಿನ್ನ ಹುಳಕ್ಕೆ ತುತ್ತು ಅಭ್ಯಾಸ ಆಗುವುದಾದರೆ ಕೊಳೆರೋಗಕ್ಕೂ ಆಗುವುದಿಲ್ವಾ ಮಗಾ?" ಎಂದು ಕೇಳಿದರು. ಉತ್ತರ ಕೊಡಲು ಒದ್ದಾಡಿದೆ.

ಎರಡನೆಯ ತಪ್ಪು ನಿಮ್ಮಲ್ಲೂ ಹಲವರು ಮಾಡುತ್ತಿರಬಹುದು. ಕಡಲ ಬ್ಯಾಕ್ಟೀರಿಯಾ ಬೆಳೆಸುವ ಜೋಬೆಲ್ ಮರೈನ್ ಬ್ರಾತ್ ಎಂಬ ಪೋಷಕ ದ್ರವವನ್ನು ಪ್ಯಾಕೆಟಿನಲ್ಲಿ ಹೇಳಿದ ಹಾಗೆಯೇ ಕರಗಿಸಿ ಎರಡು ಮಿಲಿಮೋಲಾರ್, ಅಂದರೆ 2000 ಮೈಕ್ರೋಮೋಲಾರ್, ತಾಮ್ರ ಹಾಕಿದೆ. ಬ್ಯಾಕ್ಟೀರಿಯಾ ಹಾಯಾಗಿ ಬೆಳೆಯಿತು. ಖುಷಿಯಲ್ಲಿ ಎಲ್ಲರಿಗೂ ತೋರಿಸಿದೆ ಕೂಡ. ಲೀಟರಿಗೆ ಐದು ಗ್ರಾಂ ಪೆಪ್ಟೋನ್ (ಬ್ಯಾಕ್ಟೀರಿಯಾ ತಿನ್ನುವ ಪ್ರೋಟೀನ್ ಚೂರು) ಇರುವ ಬ್ರಾತ್‌ನಲ್ಲಿ ತಾಮ್ರವನ್ನೆಲ್ಲ ಪೆಪ್ಟೋನೇ ಹಿಡಿದುಕೊಂಡಿತ್ತು, ಬ್ಯಾಕ್ಟೀರಿಯಾಕ್ಕೆ ತಾಗಿದ್ದು ಅಷ್ಟಕ್ಕಷ್ಟೆ. ಪೆಪ್ಟೋನ್ ಹತ್ತರಲ್ಲೊಂದು ಪಾಲಿಗೆ ಇಳಿಸಿ, ಸೋಸಿದ ಕಡಲ ನೀರಿನಲ್ಲಿ ಅದೇ ತಳಿಯನ್ನು ಬಿಟ್ಟರೆ 40 ಮೈಕ್ರೋಮೋಲಾರ್‌ಗೇ ಮಟಾಷ್. ಪಿಎಚ್ ನಿಲ್ಲಿಸಲು ಟ್ರಿಸ್ ಎಂಬ ರಾಸಾಯನಿಕ ಹಾಕಿದ್ದೂ ಇದೇ ಕಥೆ, ಅದೂ ತಾಮ್ರ ಹಿಡಿಯುತ್ತದೆ.

ಓಡಿ (ಬ್ರಾತ್ ಎಷ್ಟು ಕದಡಿದೆ ಎಂದು ಮೀಟರಿನಲ್ಲಿ ಓದುವ ಅಳತೆ) ನಂಬಿ ಕೆಟ್ಟದ್ದು ಬೇರೆ. ಕಡಲ ನೀರಿನ ಪಿಎಚ್ ಎಂಟರ ಹತ್ತಿರ. ತಾಮ್ರ ಜಾಸ್ತಿಯಾದರೆ ತಿಳಿನೀಲಿ ಗಸಿ ಕಟ್ಟುತ್ತದೆ. ಮೀಟರ್ ಅದನ್ನೂ ಬೆಳವಣಿಗೆ ಅಂತಲೇ ಓದುತ್ತದೆ. ಮೂರು ವಾರ ಚಂದದ ಗ್ರಾಫ್ ಬರೆದೆ, ಪ್ಲೇಟಿಗೆ ಹಾಕಿದರೆ ಒಂದು ಕಾಲೊನಿಯೂ ಇಲ್ಲ! ಆಮೇಲೆ ಪ್ಲೇಟ್ ಎಣಿಕೆ ಬಿಟ್ಟು ಬೇರೆ ಯಾವುದನ್ನೂ ನಂಬಲಿಲ್ಲ.

ಜಾಸ್ತಿ ಹೊಟ್ಟೆ ಉರಿದದ್ದು ದುಡ್ಡಿಗೆ. ನಲವತ್ತೆಂಟು ಸ್ಯಾಂಪಲ್ ಅನ್ನು ಹೊರಗಿನ ಒಂದು ಲ್ಯಾಬಿಗೆ, ತಾಮ್ರ ಎಷ್ಟಿದೆ ಎಂದು ಅಳೆಯುವ ಎಎಎಸ್‌ಗೆ ಕಳುಹಿಸಿದೆ, ಒಂದಕ್ಕೆ ಸುಮಾರು ನಾನೂರು ರೂಪಾಯಿ. ತಾಮ್ರ ಹಾಕದ ಬರೀ ಕಡಲ ನೀರಿನ ಬ್ಲಾಂಕ್‌ನಲ್ಲೂ ತಾಮ್ರ ಬಂತು. ತಪ್ಪು ಅವರದ್ದಲ್ಲ, ನಾನು ಬಾಟಲಿಗಳನ್ನು ನೈಟ್ರಿಕ್ ಆಸಿಡ್‌ನಲ್ಲಿ ನೆನೆಸಿರಲಿಲ್ಲ. ಹತ್ತೊಂಬತ್ತು ಸಾವಿರ ನೀರಿನಲ್ಲಿ ಹೋಮ. ಫೆಲೋಶಿಪ್ ಆಗ ಐದು ತಿಂಗಳಿಂದ ಬಂದಿರಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಅವಸರ ಬಿಟ್ಟ ಮೇಲೆ. ಎಲ್ಲರೂ ದ್ವಿಗುಣ ಮಾಡುತ್ತಾ ಹೋಗು ಎನ್ನುತ್ತಿದ್ದರು. ನಾನು ಒಂದು ಸಲಕ್ಕೆ ಹತ್ತು ಹದಿನೈದು ಶೇಕಡಾ ಮಾತ್ರ ಏರಿಸಿದೆ. ಒಂದು ಮಟ್ಟದಲ್ಲಿ ಒಂದೇ ರಾತ್ರಿಯಲ್ಲಿ ಬೆಳೆಯುವ ತನಕ ಮೇಲೆ ಹೋಗಲಿಲ್ಲ. 60ರಲ್ಲಿ ಮೊದಲ ಸಲ ಎದ್ದು ಬರಲು ಮೂರು ದಿನ ಬೇಕಾಯಿತು, ನಾಲ್ಕನೇ ವರ್ಗಾವಣೆಗೆ (ಹೊಸ ಬ್ರಾತ್‌ಗೆ ಒಂದು ಪಾಲು ಬದಲಿಸುವುದು) ಹತ್ತು ಹನ್ನೆರಡು ಗಂಟೆ ಸಾಕಾಯಿತು. 90ರಲ್ಲಿ ಐದು ವಾರ ಅಲುಗಲೇ ಇಲ್ಲ. ಅಲ್ಲಿ ಒಂದು ರಾತ್ರಿ ಇನ್ನೊಂದು ಲೋಹವನ್ನು ಚಿಟಿಕೆಯಷ್ಟು ತೋರಿಸಿದೆ, ಮರುದಿನದಿಂದ ಬಂಡಿ ಹೊರಟಿತು. ಯಾವ ಲೋಹ ಅಂತ ಪೇಪರ್ ಬರುವ ತನಕ ಕೇಳಬೇಡಿ.

120 ದಾಟಿದ ಮೇಲೆ ಬ್ರಾತ್ ಲೋಳೆಲೋಳೆಯಾಯಿತು, ಲೂಪ್ ಎತ್ತಿದರೆ ನೂಲಿನಂತೆ ಎಳೆ ಬರುತ್ತಿತ್ತು. ಕುತೂಹಲಕ್ಕೆ, ಲೋಳೆ ಕಳಚಲು ಒಂದು ಪಾಲನ್ನು ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲುಗಾಡಿಸಿ, ಉಪ್ಪುನೀರಿನಲ್ಲಿ ಮೂರು ಸಲ ತೊಳೆದು ಮತ್ತೆ ತಾಮ್ರಕ್ಕೆ ಬಿಟ್ಟೆ. ಏಳಲು ಒಂದು ದಿನ ತಡವಾಯಿತು, ಆದರೆ ಎದ್ದಿತು. ಅಂದರೆ ತಾಮ್ರ ತಡೆಯುವುದು ಲೋಳೆಯೊಂದೇ ಅಲ್ಲ, ಒಳಗೆ ತಾಮ್ರವನ್ನು ಹೊರದಬ್ಬುವ ಪಂಪ್‌ಗಳೂ ದುಡಿಯುತ್ತಿರಬೇಕು. ಬೆಳ್ಳಿಯನ್ನೂ ಪರೀಕ್ಷಿಸಿದೆ, ಕಡಲ ನೀರಿನಲ್ಲಿ ಅದು ಕ್ಲೋರೈಡ್ ಆಗಿ ಅಡಿಗೆ ಕೂತಿತು, ಲೆಕ್ಕಕ್ಕೆ ತಗೊಳ್ಳಲಿಲ್ಲ.

ಪೆಪ್ಟೋನ್ ಖರ್ಚು ಉಳಿಸಲು ಎಳನೀರು ಹಾಕಿಯೂ ನೋಡಿದೆ. ಕಾಸರಗೋಡಿನಲ್ಲಿ ಎಳನೀರಿಗೆ ಬರವಾ? ಸಕ್ಕರೆ ತಿಂದು ಹುಳಿ ಬಿಟ್ಟವು, ಪಿಎಚ್ ಇಳಿಯಿತು, ಗಸಿಯಾಗಿ ಕೂತಿದ್ದ ತಾಮ್ರವೆಲ್ಲ ಕರಗಿ ಬಂತು. ಬೆಳಿಗ್ಗೆ ಹೊತ್ತಿಗೆ ಎಲ್ಲವೂ ಸತ್ತಿದ್ದವು. ಉಳಿದ ಎಳನೀರು ನಾವೇ ಕುಡಿದೆವು.

ಮೇಷ್ಟ್ರು ಒಪ್ಪಿದ್ದು ಕೊನೆಯ ಪರೀಕ್ಷೆಗೆ. ಆರೂ ತಳಿಗಳನ್ನು ತಾಮ್ರವೇ ಇಲ್ಲದೆ ಹತ್ತು ವರ್ಗಾವಣೆ ಬೆಳೆಸಿ, ಮತ್ತೆ 200ಕ್ಕೆ ಹಾಕಿದೆ. ನಾಲ್ಕು ಮರೆತುಬಿಟ್ಟಿದ್ದವು. ಎರಡು ಮರುದಿನವೇ ಎದ್ದು ನಿಂತವು. ಮೇಷ್ಟ್ರು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿ, "ಕಂಟಾಮಿನೇಷನ್ ಅಲ್ಲ ತಾನೇ?" ಎಂದರು. ಈಗ ಆ ಎರಡು ಯಾವ ಬ್ಯಾಕ್ಟೀರಿಯಾ ಎಂದು ಜೀನ್ ಓದಿ ತಿಳಿಯುವ 16ಎಸ್ ಸೀಕ್ವೆನ್ಸಿಂಗಿಗೆ ದುಡ್ಡು ಹೊಂದಿಸುತ್ತಿದ್ದೇನೆ.