1939ರ ಮ್ಯಾಥ್ಯೂ ಪ್ಯಾಶನ್: ದನಿಗಳನ್ನು ಕೇಳುವ ಬಗೆ

ಮ್ಯಾಥ್ಯೂ ಪ್ಯಾಶನ್ ಎಂದರೆ ಯೇಸುವಿನ ಕೊನೆಯ ದಿನಗಳ ಕಥೆಯನ್ನು ಜರ್ಮನ್ ಸಂಗೀತಕಾರ ಬಾಖ್ ಹಾಡಾಗಿಸಿದ ಕೃತಿ. ಅದರ ಈ ರೆಕಾರ್ಡಿಂಗನ್ನು ಮೊದಲಿನಿಂದ ಶುರು ಮಾಡಬೇಡಿ. ನಾನು ಹಾಗೆ ಮಾಡಿ, ಆರಂಭದ ಕೋರಸ್‌ನ, ಅಂದರೆ ಗುಂಪುಹಾಡಿನ, ನಿಧಾನಗತಿಗೆ ಸೋತು, ಎರಡು ವರ್ಷ ಮತ್ತೆ ಮುಟ್ಟಲಿಲ್ಲ. ಯೇಸುವನ್ನು ಅರಿಯೆನೆಂದು ಶಿಷ್ಯ ಪೇತ್ರ ಮೂರು ಸಲ ಹೇಳುವ ಜಾಗದಿಂದ ಕೇಳಿ.

ರೆಕಾರ್ಡಿಂಗ್ ಆದದ್ದು 1939ರ ಏಪ್ರಿಲ್ 2ರಂದು, ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರ. ಆಮ್ಸ್ಟರ್‌ಡ್ಯಾಮಿನ ಕನ್ಸರ್ಟ್‌ಗೆಬೌ ಸಂಗೀತ ಸಭಾಂಗಣದಲ್ಲಿ ವಾದ್ಯವೃಂದ, ಗಾಯಕರನ್ನು ನಿರ್ದೇಶಿಸಿ ಬಾಖ್‌ನ ಈ ಕೃತಿಯನ್ನು ನಡೆಸಿದವರು ವಿಲ್ಲೆಮ್ ಮೆಂಗೆಲ್‌ಬರ್ಗ್. ಧ್ವನಿಯನ್ನು ಫಿಲಂ ಪಟ್ಟಿಯ ಮೇಲೆ ಹಿಡಿದದ್ದರಿಂದ, ಆಗಿನ ಗ್ರಾಮಫೋನ್ ತಟ್ಟೆಗಳಂತೆ ನಾಲ್ಕೈದು ನಿಮಿಷಕ್ಕೊಮ್ಮೆ ಹಾಡು ತುಂಡಾಗಲಿಲ್ಲ. ಸದ್ದನ್ನು ಪೂರ್ತಿ ತೊಳೆದ ಪ್ರತಿ ಬೇಡ. ಸುಯ್ಗುಡುವಿಕೆಯ ಜೊತೆಗೆ 'ಸ', 'ಟ' ಅಕ್ಷರಗಳ ಮೊನೆಯೂ ಹೋಗಿಬಿಡುತ್ತದೆ. ಜರ್ಮನ್ ಸಾಹಿತ್ಯ ಮತ್ತು ಅದರ ಅರ್ಥ ಕೈಯಲ್ಲಿರಲಿ. ಮೆಂಗೆಲ್‌ಬರ್ಗ್ ಕೆಲವು ಭಾಗಗಳನ್ನು ಬಿಟ್ಟಿದ್ದಾರೆ, ನಡುವೆ ಸಾಲು ತಪ್ಪಿದರೆ ಗಾಬರಿಯಾಗಬೇಡಿ.

ಕಥೆ ಹೇಳುವ ಇವ್ಯಾಂಜೆಲಿಸ್ಟ್ ಕಾರ್ಲ್ ಎರ್ಬ್. ಆಗ ಅವರಿಗೆ 61 ವರ್ಷ. ದನಿ ತೆಳು, ಆದರೆ ಒಂದು ಮಾತೂ ಮಸುಕಾಗುವುದಿಲ್ಲ. ಕೋಳಿ ಕೂಗಿ, ಪೇತ್ರ ಹೊರಗೆ ಹೋಗಿ ಅತ್ತನೆಂಬಲ್ಲಿ 'ವೈನೆಟೆ' (ಅತ್ತನು) ಎಂಬ ಒಂದೇ ಪದ ಎಷ್ಟೋ ಸ್ವರಗಳ ಮೇಲೆ ಎಳೆದುಕೊಂಡು ಹೋಗುತ್ತದೆ. ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ ಉಸಿರು ಎಲ್ಲಿ ತೆಗೆಯುತ್ತಾರೆಂದು ಗಮನಿಸಿ. ಮೂರನೇ ಸಲ ಕಣ್ಣು ಮುಚ್ಚಿ, ದನಿ ಎಲ್ಲಿ ಸಣ್ಣಗಾಗುತ್ತದೆಂದು ಹಿಂಬಾಲಿಸಿ. ನನ್ನ ಮಟ್ಟಿಗೆ ಇಡೀ ರೆಕಾರ್ಡಿಂಗಿನ ಜೀವ ಇರುವುದು ಇಲ್ಲೇ.

ಹಿಂದೆಯೇ ಬರುವುದು 'ಎರ್‌ಬಾರ್ಮೆ ಡಿಖ್', ಕರುಣಿಸು ಎಂಬ ಮೊರೆ. ಹಾಡುವವರು ಹಂಗೇರಿಯ ಇಲೋನಾ ಡುರಿಗೊ, ಪಿಟೀಲು ಲೂಯಿ ಝಿಮ್ಮರ್‌ಮನ್ ಅವರದು. ಸ್ವರದಿಂದ ಸ್ವರಕ್ಕೆ ಡುರಿಗೊ ಜಾರುವ ರೀತಿ ಇಂದಿನ ಕಿವಿಗೆ ಅತಿಯೆನಿಸಬಹುದು. ಆಗ ಪಿಟೀಲನ್ನಷ್ಟೇ ಹಿಡಿದು ಕೇಳಿ. ಅದೂ ಹಾಗೆಯೇ ಜಾರುತ್ತದೆ. ಕಂಠವೂ ತಂತಿಯೂ ಒಂದೇ ರೀತಿಯಲ್ಲಿ ಅಳುವುದು ತಿಳಿದ ಮೇಲೆ ನನಗೆ ಅದು ಅತಿಯೆನಿಸಿಲ್ಲ.

ಇಷ್ಟಾದ ಮೇಲೆ ವಿಲ್ಲೆಮ್ ರಾವೆಲ್ಲಿಯವರ ಯೇಸುವಿನತ್ತ ಹೋಗಿ. ಯೇಸು ಮಾತಾಡುವಾಗಲೆಲ್ಲ ತಂತಿವಾದ್ಯಗಳು ಸುತ್ತ ಬೆಳಕಿನಂತೆ ನಿಲ್ಲುತ್ತವೆ. ಶಿಲುಬೆಯ ಮೇಲೆ 'ಏಲೀ, ಏಲೀ' (ನನ್ನ ದೇವರೇ, ನನ್ನ ದೇವರೇ) ಎನ್ನುವಾಗ ಮಾತ್ರ ಬಾಖ್ ಅವನ್ನು ಸುಮ್ಮನಾಗಿಸಿದ್ದಾನೆ. ಅಲ್ಲಿ ನಿಲ್ಲಿಸಬೇಡಿ. ಮರುಕ್ಷಣವೇ ಎರ್ಬ್ ಆ ಕೂಗಿನ ಅರ್ಥ ಹೇಳುತ್ತ ಅದೇ ಸ್ವರಸಾಲನ್ನು ಇನ್ನಷ್ಟು ಮೇಲೆ ಹಾಡುತ್ತಾರೆ. ಎರಡು ಕಂಠಗಳನ್ನೂ ಒಟ್ಟಿಗೆ, ಕನಿಷ್ಠ ಎರಡು ಸಲ ಕೇಳಿ. ಆರಂಭದ ಕೋರಸ್‌ಗೆ ಹೋಗುವುದು ಅದಾದ ಮೇಲೆ.