ಜೋರು ಫೋನಿಗೆ ಮದ್ದು: ಹಳೇ ಟೂತ್‌ಬ್ರಷ್‌ನಿಂದ ಶುರು ಮಾಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ ಇದೆ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ದಿನಕ್ಕೆ ಇಬ್ಬರು ಮೂವರಾದರೂ ಬಂದು ಹೇಳುವ ಮಾತು ಒಂದೇ: "ಕಿವಿಗಿ ಹಚ್ಕೊಂಡ್ರ ಏನೂ ಕೇಳ್ಸಲ್ರಿ. ಸ್ಪೀಕರ್ ಹಾಕ್ಕೊಂಡೇ ಮಾತಾಡಬೇಕು." ಸಂಜೆ ಅಂಗಡಿ ಮುಚ್ಚಿ ಬಸ್ಸು ಹತ್ತಿದರೆ ಅಂಥವರೇ ಎದುರು ಸೀಟಿನಲ್ಲಿರುತ್ತಾರೆ. ಫೋನನ್ನು ಬಾಯಿ ಮುಂದೆ ಹಿಡಿದು, ಇಡೀ ಬಸ್ಸಿಗೆ ಕೇಳುವ ಹಾಗೆ ಮಾತು. ಉಳಿದವರು ಮುಖ ಸಿಂಡರಿಸಿ, ಎಷ್ಟು ದಿಮಾಕು ನೋಡು ಅಂದುಕೊಳ್ಳುತ್ತಾರೆ.

ನನಗೆ ಹಾಗನ್ನಿಸುವುದಿಲ್ಲ. ಅವರಲ್ಲಿ ಬಹಳ ಜನರ ಫೋನೇ ಕೆಟ್ಟಿರುತ್ತದೆ. ಕೆಟ್ಟಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಹೊಸದಿದ್ದಾಗ ಚೆನ್ನಾಗಿ ಕೇಳುತ್ತಿತ್ತು, ದಿನಾ ಚೂರು ಚೂರು ಕಮ್ಮಿಯಾಗುತ್ತಾ ಬಂತು, ಒಂದು ದಿನ ಸ್ಪೀಕರ್ ಒತ್ತಿದರು, ಅದೇ ರೂಢಿಯಾಯಿತು. ಅದಕ್ಕೇ ಸಾರ್ವಜನಿಕ ಜಾಗದಲ್ಲಿ ಫೋನಿನ ಗದ್ದಲ ಕಮ್ಮಿ ಮಾಡೋದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಟೂತ್‌ಬ್ರಷ್ ವಿಷಯ.

ಮೊದಲು ಜಾಲಿ ನೋಡಿ

ಫೋನಿನ ಮೇಲ್ತುದಿಯಲ್ಲಿ, ಸ್ಕ್ರೀನ್ ಮುಗಿಯುವ ಕಡೆ ಒಂದು ತೆಳ್ಳನೆ ಗೆರೆ ಇರುತ್ತದೆ. ಅದರೊಳಗೆ ಕೂದಲಿಗಿಂತ ಸಣ್ಣ ಕಣ್ಣುಗಳ ಜಾಲಿ. ಕಿವಿಗೆ ಹಿಡಿದಾಗ ದನಿ ಬರುವುದು ಅಲ್ಲಿಂದ. ನಮ್ಮ ಕಡೆ ಬಿಸಿಲು ಜಾಸ್ತಿ, ಬೆವರು ಜಾಸ್ತಿ, ಧೂಳು ಇನ್ನೂ ಜಾಸ್ತಿ. ತಲೆಗೆ ಹಚ್ಚಿದ ಎಣ್ಣೆ, ಮುಖದ ಪೌಡರು, ರಸ್ತೆಯ ಧೂಳು ಸೇರಿ ಅಲ್ಲಿ ಮೇಣದಂಥ ಪದರ ಕೂರುತ್ತದೆ. ಲೆನ್ಸಿನಲ್ಲಿ ನೋಡಿದರೆ ಜಾಲಿಯೇ ಕಾಣುವುದಿಲ್ಲ, ಕಪ್ಪು ಪಟ್ಟಿ ಮಾತ್ರ.

ಮನೆಯಲ್ಲೇ ತೆಗೆಯಬಹುದು. ಫೋನ್ ಸ್ವಿಚ್ ಆಫ್ ಮಾಡಿ. ಮೆತ್ತನೆಯ, ಒಣಗಿದ ಟೂತ್‌ಬ್ರಷ್ ತಗೊಳ್ಳಿ. ಸ್ಕ್ರೀನ್ ನೆಲದ ಕಡೆ ಇರುವ ಹಾಗೆ ಫೋನನ್ನು ಎತ್ತಿ ಹಿಡಿದು ಕೆಳಗಿನಿಂದ ಮೆಲ್ಲಗೆ ಉಜ್ಜಿ. ಹಾಗೆ ಹಿಡಿದರೆ ಕೊಳೆ ಕೆಳಗೆ ಉದುರುತ್ತದೆ, ಒಳಗೆ ಹೋಗುವುದಿಲ್ಲ. ಸೂಜಿ, ಪಿನ್ನು ಹಾಕಲೇಬೇಡಿ, ಜಾಲಿ ಹರಿಯುತ್ತದೆ. ಬಾಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಸೇರುತ್ತದೆ. ನೀರು, ಸ್ಪಿರಿಟ್ ಏನೂ ಬೇಡ.

ಆಮೇಲೆ ಕೆಳಗಿನ ತುದಿ ನೋಡಿ. ಚಾರ್ಜಿಂಗ್ ಜಾಗದ ಪಕ್ಕ ಸಾಸಿವೆಗಿಂತ ಚಿಕ್ಕ ತೂತು ಇರುತ್ತದೆ, ಅದು ಮೈಕ್. ಅದು ಮುಚ್ಚಿಹೋದರೆ ಆ ಕಡೆಯವರಿಗೆ ನಿಮ್ಮ ಮಾತು ಕೇಳುವುದಿಲ್ಲ. "ಹಲೋ, ಕೇಳ್ಸವಲ್ದು" ಅಂತ ಅವರು ಕೂಗುತ್ತಾರೆ, ನೀವೂ ಕೂಗುತ್ತೀರಿ. ಅಲ್ಲೂ ಬ್ರಷ್‌ನಿಂದ ಮೇಲೆ ಮೇಲೆ ಉಜ್ಜಿದರೆ ಸಾಕು, ಒಳಗೆ ಏನನ್ನೂ ತೂರಿಸಬೇಡಿ.

ಇನ್ನೊಂದು ಕಳ್ಳ ಅಂದರೆ ಸ್ಕ್ರೀನ್ ಮೇಲೆ ಹಾಕಿಸುವ ಗ್ಲಾಸು. ಅಳತೆ ಸರಿಯಿಲ್ಲದ ಗ್ಲಾಸು ಮೇಲಿನ ಗೆರೆಯನ್ನು ಅರ್ಧ ಮುಚ್ಚಿಬಿಡುತ್ತದೆ. ಅದರ ಪಕ್ಕದಲ್ಲೇ ಸೆನ್ಸರ್ ಇರುತ್ತದೆ, ಕಿವಿ ಹತ್ತಿರ ಬಂತು ಅಂತ ತಿಳಿದು ಸ್ಕ್ರೀನ್ ಆರಿಸುವ ಕೆಲಸ ಅದರದು. ಅದು ಕೆಲಸ ಮಾಡದಿದ್ದರೆ ಸ್ಕ್ರೀನ್ ಉರಿಯುತ್ತಲೇ ಇರುತ್ತದೆ, ಕೆನ್ನೆ ತಾಗಿ ಸ್ಪೀಕರ್ ತಾನೇ ಆನ್ ಆಗುತ್ತದೆ. ಯಾರಿಗಾದರೂ ಫೋನ್ ಹಚ್ಚಿ, ಮೇಲ್ತುದಿಗೆ ಬೆರಳು ಅಡ್ಡ ಇಟ್ಟು ನೋಡಿ. ಸ್ಕ್ರೀನ್ ಕಪ್ಪಾಗಬೇಕು. ಆಗದಿದ್ದರೆ ಗ್ಲಾಸು ತೆಗೆಸಿ ಮತ್ತೆ ನೋಡಿ.

ಇಷ್ಟಾದ ಮೇಲೆ ವಾಲ್ಯೂಮ್. ಕರೆಯ ದನಿ ಹೆಚ್ಚು ಕಮ್ಮಿ ಮಾಡಬೇಕು ಅಂದರೆ ಕರೆಯಲ್ಲಿ ಇರುವಾಗಲೇ ಪಕ್ಕದ ಬಟನ್ ಒತ್ತಬೇಕು. ಸುಮ್ನೆ ಇದ್ದಾಗ ಒತ್ತಿದರೆ ಹಾಡಿನದೋ ರಿಂಗಿನದೋ ಬದಲಾಗುತ್ತದೆ. ಎಷ್ಟೋ ಜನ ಇದು ಗೊತ್ತಿಲ್ಲದೆ ಹೊಸ ಫೋನೇ ಕೊಂಡಿದ್ದನ್ನು ನೋಡಿದ್ದೇನೆ. ಬಹಳ ಬೇಜಾರಾಗುತ್ತದೆ.

ರೈಲಿನಲ್ಲಿ ಸಿಕ್ಕ ಮುತ್ಯಾ

ನನ್ನ ತಂಗಿಯನ್ನು ಬೀದರಿಗೆ ಕೊಟ್ಟಿದ್ದೇವೆ. 2017ರಲ್ಲಿ ಕಲಬುರಗಿ–ಬೀದರ್ ಲೈನ್ ಶುರುವಾದ ಮೇಲೆ ನಾನು ಆಗಾಗ ರೈಲಿನಲ್ಲೇ ಹೋಗುತ್ತೇನೆ. ಒಮ್ಮೆ ಜನವರಿಯಲ್ಲಿ ಹೋಗುವಾಗ ಎದುರಿಗೆ ಒಬ್ಬ ಮುತ್ಯಾ ಕೂತಿದ್ದರು. ಧೋತರ, ತಲೆಗೆ ರುಮಾಲು, ಕೈಯಲ್ಲಿ ಹಳೇ ಸ್ಮಾರ್ಟ್‌ಫೋನ್. ಪುಣೆಯಲ್ಲಿ ದುಡಿಯುವ ಮೊಮ್ಮಗ ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜನ್ನು ಪೂರ್ತಿ ದನಿ ಕೊಟ್ಟು ಕೇಳುತ್ತಿದ್ದರು. ಮುಗಿದ ಕೂಡಲೇ ಮತ್ತೆ ಮೊದಲಿಂದ. ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಿದ್ದ ಕಾಲೇಜು ಹುಡುಗಿ ಎರಡು ಸಲ ನೋಡಿದಳು, ಆಮೇಲೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. ಕಮಲಾಪುರ ದಾಟಿ ಮರಗುತ್ತಿ ಸುರಂಗ ಬಂತು. ಒಂದೂವರೆ ಕಿಲೋಮೀಟರ್‌ಗಿಂತ ಉದ್ದದ ಸುರಂಗ ಅದು. ಒಳಗೆ ನೆಟ್‌ವರ್ಕ್ ಹೋಗಿ ಎಲ್ಲರ ಕರೆಯೂ ಕಟ್ಟಾಯಿತು. ಮುತ್ಯಾನ ಮೆಸೇಜ್ ಮೊದಲೇ ಡೌನ್‌ಲೋಡ್ ಆಗಿತ್ತಲ್ವಾ, ಕತ್ತಲಲ್ಲಿ ಅದೊಂದೇ ಕೇಳುತ್ತಿತ್ತು. "ಮುತ್ಯಾ, ಊಟ ಆಯ್ತೇನು, ಗುಳಿಗಿ ತಗೊಂಡಿಯೇನು."

ಬೆಳಕು ಬಂದ ಮೇಲೆ ಕೇಳಿದೆ. "ಮುತ್ಯಾ, ಫೋನ್ ಜರಾ ಕೊಡ್ತೀರೇನು? ನಂದು ರಿಪೇರಿ ಅಂಗಡಿ ಅದ." ಕೊಟ್ಟರು. ಜಾಲಿಯಲ್ಲಿ ತೊಗರಿ ಹೊಟ್ಟಿನ ಧೂಳು ಗಟ್ಟಿಯಾಗಿ ಕೂತಿತ್ತು. ರಾಶಿ ಮಾಡುವಾಗ ಫೋನು ಅಂಗಿಯ ಜೇಬಿನಲ್ಲೇ ಇತ್ತಂತೆ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಬ್ರಷ್ ಇರುತ್ತದೆ. ಎರಡು ನಿಮಿಷ ಉಜ್ಜಿದೆ. ಆಮೇಲೆ ಮೆಸೇಜ್ ಒತ್ತಿ, ಫೋನನ್ನು ಅವರ ಕಿವಿಗೆ ಹಚ್ಚಿದೆ.

ಇದನ್ನು ಎಲ್ಲರೂ ತಿಳಿದಿರಬೇಕು. ವಾಟ್ಸಾಪ್ ವಾಯ್ಸ್ ಮೆಸೇಜ್ ಒತ್ತಿದ ತಕ್ಷಣ ಫೋನನ್ನು ಕಿವಿಗೆ ಹಿಡಿದರೆ ದನಿ ದೊಡ್ಡ ಸ್ಪೀಕರ್ ಬಿಟ್ಟು ಕಿವಿಯ ಜಾಲಿಗೆ ಬರುತ್ತದೆ, ಕರೆ ಬಂದ ಹಾಗೆ. ಬೇರೆ ಯಾವ ಸೆಟ್ಟಿಂಗೂ ಬೇಡ. ಆ ಸೆನ್ಸರ್ ಚೆನ್ನಾಗಿರಬೇಕು, ಅಷ್ಟೇ.

ಮುತ್ಯಾ ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. "ಕಿವ್ಯಾಗೇ ಬಂದು ಮಾತಾಡ್ದಂಗ ಆಯ್ತಲ್ಲೋ ತಮ್ಮಾ" ಅಂದರು. ಕಿಟಕಿಯ ಕಡೆ ತಿರುಗಿ ಅದೇ ಮೆಸೇಜನ್ನು ಹುಮ್ನಾಬಾದ್ ಬರುವ ತನಕ ಕೇಳಿದರು. ನಮಗೆ ಯಾರಿಗೂ ಏನೂ ಕೇಳಿಸಲಿಲ್ಲ. ಹುಡುಗಿ ವಾಪಸ್ ಬಂದು ಕೂತಳು.

ಕೂಗುವುದು ಯಾಕೆ

ಹಳೇ ಲ್ಯಾಂಡ್‌ಲೈನ್ ಫೋನಿನಲ್ಲಿ ನಮ್ಮ ದನಿ ನಮ್ಮ ಕಿವಿಗೂ ಸ್ವಲ್ಪ ವಾಪಸ್ ಬರುತ್ತಿತ್ತು. ಎಷ್ಟು ಜೋರಾಗಿ ಮಾತಾಡುತ್ತಿದ್ದೇವೆ ಅಂತ ನಮಗೇ ತಿಳಿಯುತ್ತಿತ್ತು. ಮೊಬೈಲಿನಲ್ಲಿ ಅದು ಬಹಳ ಕಮ್ಮಿ. ಜೊತೆಗೆ ಬಸ್ಸಿನ ಇಂಜಿನ್ ಸದ್ದು. ಸುತ್ತ ಗದ್ದಲ ಇದ್ದರೆ ಮನುಷ್ಯನ ದನಿ ತಾನಾಗೇ ಏರುತ್ತದೆ, ಬೇಕಂತ ಮಾಡುವುದಲ್ಲ. ಅದಕ್ಕೆ ಒಂದು ಉಪಾಯ: ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಳ್ಳಿ. ನಿಮ್ಮ ದನಿ ನಿಮ್ಮ ತಲೆಯೊಳಗೇ ಕೇಳುತ್ತದೆ, ಆಗ ತಾನಾಗೇ ಇಳಿಸುತ್ತೀರಿ. ಮೈಕ್ ಬಾಯಿ ಹತ್ತಿರ ಇದ್ದರೆ ಪಿಸುಮಾತೂ ಆ ಕಡೆ ಸ್ಪಷ್ಟವಾಗಿ ಹೋಗುತ್ತದೆ, ನಾವು ದಿನಾ ಚೆಕ್ ಮಾಡುತ್ತೇವೆ.

ಪಕ್ಕದಲ್ಲಿ ಇಬ್ಬರು ಮಾತಾಡಿದರೆ ಅಷ್ಟು ಕಿರಿಕಿರಿ ಆಗುವುದಿಲ್ಲ, ಒಬ್ಬರೇ ಫೋನಿನಲ್ಲಿ ಮಾತಾಡಿದರೆ ಆಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2010ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಅರ್ಧ ಮಾತು ಕೇಳಿದಾಗ ಉಳಿದರ್ಧ ಏನಿರಬಹುದು ಅಂತ ತಲೆ ಹುಡುಕುತ್ತಲೇ ಇರುತ್ತದೆ, ಕೈಯಲ್ಲಿದ್ದ ಕೆಲಸ ಕೆಡುತ್ತದೆ. ಹಾಗಂತ ಸ್ಪೀಕರ್ ಹಾಕಿ ಎರಡೂ ಕಡೆ ಕೇಳಿಸಿದರೆ ಸರಿಯಾಯಿತು ಅಂತಲ್ಲ. ಆ ಕಡೆ ಇರುವವರಿಗೆ ತಮ್ಮ ಮಾತು ನಲವತ್ತು ಜನ ಕೇಳುತ್ತಿದ್ದಾರೆ ಅನ್ನೋದು ಗೊತ್ತೇ ಇರುವುದಿಲ್ಲ. ಆಧಾರ್ ನಂಬರ್, ಖಾತೆ ನಂಬರ್, ಒಟಿಪಿ ಎಲ್ಲಾ ಹೀಗೆ ಬಸ್ ಸ್ಟ್ಯಾಂಡಿನಲ್ಲಿ ಕೂಗಿ ಹೇಳುವುದನ್ನು ಕೇಳಿದಾಗ ನನ್ನ ಎದೆ ಝಲ್ ಅನ್ನುತ್ತದೆ. ಒಟಿಪಿಯನ್ನಂತೂ ಮೆಲ್ಲಗೆ ಕೂಡ ಯಾರಿಗೂ ಹೇಳಬೇಡಿ.

ಹೇಳುವುದಾದರೆ ಹೀಗೆ ಹೇಳಿ

ಹಿಂದಿನ ಸೀಟಿನಿಂದ "ಏ, ಬಂದ್ ಮಾಡೋ" ಅಂದರೆ ಜಗಳವೇ ಗತಿ. ಹತ್ತಿರ ಹೋಗಿ. ವಯಸ್ಸು ನೋಡಿ ಕಾಕಾ, ಅಕ್ಕಾರ, ತಮ್ಮಾ ಅನ್ನಿ. "ಅಣ್ಣಾರ, ಜರಾ ಆವಾಜ್ ಕಮ್ಮಿ ಮಾಡ್ರಿ, ತಲಿ ನೋಯ್ಲತ್ತದ" ಅಂತ ನಿಮ್ಮ ಕಷ್ಟ ಹೇಳಿ, ಅವರ ತಪ್ಪು ಹೇಳಬೇಡಿ. ಉರ್ದು ಮಾತಾಡುವವರಾದರೆ "ಭಾಯ್, ಆವಾಜ್ ಥೋಡಾ ಕಮ್ ಕರೋ" ಅಂದರೆ ಕೆಲಸ ಬೇಗ ಆಗುತ್ತದೆ. ಒಂದೇ ಸಲ ಹೇಳಿ, ಹೇಳಿದ ಮೇಲೆ ದಿಟ್ಟಿಸಿ ನೋಡುತ್ತಾ ನಿಲ್ಲಬೇಡಿ. ಜನ ಮಾನ ಉಳಿಸಿಕೊಳ್ಳಲು ಅರ್ಧ ನಿಮಿಷ ತಗೊಂಡು ಆಮೇಲೆ ಇಳಿಸುತ್ತಾರೆ. ಆ ಅರ್ಧ ನಿಮಿಷ ಕೊಡಿ.

ಕೇಳದಿದ್ದರೆ ಕಂಡಕ್ಟರಿಗೆ ಹೇಳಿ. ಸರ್ಕಾರಿ ಬಸ್ಸಿನಲ್ಲಿ ಮೊಬೈಲ್‌ನಿಂದ ಜೋರಾಗಿ ಹಾಡು, ವಿಡಿಯೊ ಹಾಕುವುದನ್ನು ತಡೆಯಬೇಕು ಅಂತ ನಮ್ಮ ಹೈಕೋರ್ಟ್ 2021ರ ನವೆಂಬರಿನಲ್ಲೇ ಹೇಳಿದೆ. ಮಾತು ಕೇಳದವರನ್ನು ಕೆಳಗೆ ಇಳಿಸಲೂಬಹುದು. ರೈಲಿನಲ್ಲಿ ರಾತ್ರಿ 10ರ ನಂತರ ಜೋರು ಮಾತು, ಇಯರ್‌ಫೋನ್ ಇಲ್ಲದ ಹಾಡು ನಡೆಯುವುದಿಲ್ಲ. ದೂರು ಕೊಡಲು 139.

ಮಣ್ಣಿಗೆ ಹೋದಾಗ, ಗುಡಿಯಲ್ಲಿ, ದರ್ಗಾದಲ್ಲಿ ಫೋನ್ ಸೈಲೆಂಟ್ ಇರಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ "ತುರ್ತು ಫೋನ್ ಬಂದ್ರ?" ಅನ್ನೋ ಭಯಕ್ಕೆ ಮಾಡುವುದಿಲ್ಲ. ಅದಕ್ಕೆ ದಾರಿ ಇದೆ. ಸೆಟ್ಟಿಂಗಿನಲ್ಲಿ ಡು ನಾಟ್ ಡಿಸ್ಟರ್ಬ್ ಒಳಗೆ ರಿಪೀಟ್ ಕಾಲರ್ಸ್ ಅಂತ ಇರುತ್ತದೆ, ಅದನ್ನು ಆನ್ ಮಾಡಿ. ಆಮೇಲೆ ಸೈಲೆಂಟ್ ಬದಲು ಡು ನಾಟ್ ಡಿಸ್ಟರ್ಬ್ ಹಾಕಿ. ಮೊದಲ ಸಲ ಬಂದ ಕರೆ ಸುಮ್ಮನಿರುತ್ತದೆ. ಅದೇ ನಂಬರಿನಿಂದ ಹದಿನೈದು ನಿಮಿಷದೊಳಗೆ ಇನ್ನೊಮ್ಮೆ ಬಂದರೆ ರಿಂಗ್ ಆಗುತ್ತದೆ. ಐಫೋನಿನಲ್ಲಿ ಮೂರು ನಿಮಿಷ. ಮನೆಯವರಿಗೆ "ಅರ್ಜೆಂಟ್ ಇದ್ರ ಎರಡು ಸಲ ಹಚ್ರಿ" ಅಂತ ಹೇಳಿಟ್ಟರೆ ಮುಗಿಯಿತು.

ವಾರ್ಡಿನ ರಾತ್ರಿ

ಎರಡು ವರ್ಷದ ಹಿಂದೆ ನಮ್ಮವ್ವನಿಗೆ ಪಿತ್ತಕೋಶದ ಆಪರೇಷನ್ ಆಯಿತು. ಜನರಲ್ ವಾರ್ಡಿನಲ್ಲಿ ನಾಲ್ಕು ರಾತ್ರಿ ಇದ್ದೆವು. ಪಕ್ಕದ ಮಂಚದ ಪೇಷಂಟ್ ಜೊತೆ ಇದ್ದ ಹುಡುಗ ರಾತ್ರಿಯೆಲ್ಲಾ ರೀಲ್ಸ್ ನೋಡುತ್ತಿದ್ದ. ಒಂದೇ ನಗು, ಒಂದೇ ಹಾಡಿನ ತುಂಡು, ಮತ್ತೆ ಮತ್ತೆ. ಅವ್ವ ಹೊಲಿಗೆಯ ನೋವಿಗೆ ಕಣ್ಣು ಮುಚ್ಚಿದರೂ ನಿದ್ದೆ ಹತ್ತುತ್ತಿರಲಿಲ್ಲ. ನಾನು ತಡೆಯಲಾರದೆ "ಮನುಷ್ಯತ್ವ ಇಲ್ಲೇನು ನಿಂಗ" ಅಂತ ಬೈದೆ. ಅವನು ತಿರುಗಿ ಬೈದ. ಎದುರಿನ ಮಂಚದವರು ಎದ್ದು ಕೂತರು, ನರ್ಸಮ್ಮ ಓಡಿ ಬಂದರು. ನಮ್ಮ ಜಗಳವೇ ರೀಲ್ಸಿಗಿಂತ ದೊಡ್ಡ ಗದ್ದಲವಾಯಿತು. ಇವತ್ತಿಗೂ ಅದು ನನ್ನ ಮನಸ್ಸಿಗೆ ಚುಚ್ಚುತ್ತದೆ.

ಮರುದಿನ ಅಂಗಡಿಗೆ ಹೋಗಿ ಒಂದು ವೈರಿನ ಇಯರ್‌ಫೋನ್ ತಂದೆ. ಅವನಿಗೆ ಚಹಾ ಕೊಡಿಸಿ, ಯಾಕೆ ನಿದ್ದೆ ಮಾಡುವುದಿಲ್ಲ ಅಂತ ಕೇಳಿದೆ. "ಅಪ್ಪಗ ಸಲಾಯಿನ್ ಹಚ್ಯಾರ್ರಿ. ಮುಗಿಯೋದ್ರಾಗ ಸಿಸ್ಟರಿಗಿ ಕರೀಬೇಕು. ಸುಮ್ನೆ ಕುಂತ್ರ ಕಣ್ಣು ಮುಚ್ಚತಾವ" ಅಂದ. ಮೂರು ರಾತ್ರಿಯಿಂದ ಅವನು ಒಬ್ಬನೇ. ಇಯರ್‌ಫೋನ್ ಇರಲಿಲ್ಲವೇ ಅಂದರೆ ಇತ್ತು, ಎರಡೂ ಕಿವಿಗೆ ಹಾಕಿಕೊಂಡರೆ ಅಪ್ಪ ನರಳಿದ್ದು ಕೇಳುವುದಿಲ್ಲ ಅನ್ನೋ ಭಯ ಅವನಿಗೆ.

ಅವನ ಫೋನಿನ ಸೆಟ್ಟಿಂಗಿನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಮೊನೊ ಆಡಿಯೊ ಆನ್ ಮಾಡಿದೆ. ಹಾಗೆ ಮಾಡಿದರೆ ಎರಡೂ ಕಡೆಯ ದನಿ ಒಂದೇ ಕಿವಿಗೆ ಪೂರ್ತಿ ಬರುತ್ತದೆ. ಎಡಗಿವಿಗೆ ಇಯರ್‌ಫೋನ್, ಬಲಗಿವಿ ಅಪ್ಪನ ಕಡೆ. ಸ್ಕ್ರೀನಿನ ಬೆಳಕನ್ನೂ ಕಮ್ಮಿ ಮಾಡಿದೆ. ಅವನ ಫೋನು ಮಂಚದ ಪಕ್ಕದ ಸ್ಟೀಲ್ ಕಪಾಟಿನ ಮೇಲಿರುತ್ತಿತ್ತು, ವೈಬ್ರೇಟ್ ಆದಾಗ ಡೋಲು ಬಡಿದ ಹಾಗೆ ಸದ್ದು. ಅದನ್ನು ಮಡಚಿದ ಟವೆಲ್ ಮೇಲೆ ಇಡಿಸಿದೆ.

ಆ ರಾತ್ರಿ ವಾರ್ಡಿನಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು. ಬೆಳಗಿನ ಜಾವ ನರ್ಸಮ್ಮ ಬಿಪಿ ನೋಡಲು ಬಂದು ತೋಳು ಮುಟ್ಟುವ ತನಕ ಅವ್ವ ಎಚ್ಚರವಾಗಲಿಲ್ಲ.