ಕಣ್ಣು, ಕಿಡ್ನಿ ನೋಡಿಸಿಕೊಂಡ ಮೇಲೆ ಬಸಿರಾದೆ: ಟೈಪ್ 1 ಡಯಾಬಿಟಿಸ್ ಜೊತೆ ನನ್ನ ಅನುಭವ

ನನಗೆ ಟೈಪ್ 1 ಡಯಾಬಿಟಿಸ್ ಬಂದದ್ದು ಶಾಲೆಗೆ ಹೋಗುವ ವಯಸ್ಸಿನಲ್ಲಿ. ಮದುವೆಯಾಗಿ ಮಗು ಬೇಕು ಅನ್ನಿಸುವ ಹೊತ್ತಿಗೆ ಇನ್ಸುಲಿನ್ ತೆಗೆದುಕೊಳ್ಳಲು ಶುರು ಮಾಡಿ ಇಪ್ಪತ್ತು ವರ್ಷ ಆಗುತ್ತಾ ಬಂದಿತ್ತು. ಕಣ್ಣಿನಲ್ಲಿ ರೆಟಿನೋಪತಿ, ಅಂದರೆ ಶುಗರಿನಿಂದ ಕಣ್ಣಿನ ಹಿಂಪದರದ (ರೆಟಿನಾದ) ರಕ್ತನಾಳಗಳು ಹಾಳಾಗುವುದು, ಶುರುವಾಗಿತ್ತು. ಮೂತ್ರದಲ್ಲಿ ಸ್ವಲ್ಪ ಆಲ್ಬುಮಿನ್ ಅನ್ನುವ ಪ್ರೋಟೀನ್ ಕೂಡ ಹೋಗುತ್ತಿತ್ತು, ಅದು ಕಿಡ್ನಿಗೆ ಪೆಟ್ಟು ಬೀಳುತ್ತಿರುವ ಗುರುತು. ಇಷ್ಟೆಲ್ಲ ಇದ್ದೂ ಮಗು ಆಯಿತು, ಇಬ್ಬರೂ ಚೆನ್ನಾಗಿದ್ದೇವೆ. ಹೇಗೆ ನಿಭಾಯಿಸಿದಿರಿ ಅಂತ ನನ್ನಂಥ ಹೆಣ್ಣುಮಕ್ಕಳು ಆಗಾಗ ಕೇಳುತ್ತಾರೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ನಮ್ಮಂಥವರ ಕೆಲಸದಲ್ಲಿ ಮುಕ್ಕಾಲು ಪಾಲು ಬಸಿರಾಗುವುದಕ್ಕೆ ಮೊದಲೇ ಮುಗಿದಿರಬೇಕು. ಮಗುವಿನ ಹೃದಯ, ಮೆದುಳು, ಬೆನ್ನುಹುರಿ ಎಲ್ಲ ರೂಪ ತಾಳುವುದು ಮೊದಲ ಕೆಲವು ವಾರಗಳಲ್ಲೇ. ಮುಟ್ಟು ನಿಂತಿದ್ದು ಗೊತ್ತಾಗಿ, ಟೆಸ್ಟ್ ಮಾಡಿಕೊಂಡು, ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಆ ಕೆಲಸ ಶುರುವಾಗಿಬಿಟ್ಟಿರುತ್ತದೆ. ಆಗ ಶುಗರ್ ಜಾಸ್ತಿ ಇದ್ದರೆ ಗರ್ಭಪಾತದ ಅಪಾಯವೂ ಜಾಸ್ತಿ, ಮಗುವಿಗೆ ಹುಟ್ಟಿನಿಂದಲೇ ತೊಂದರೆ ಬರುವ ಅಪಾಯವೂ ಜಾಸ್ತಿ. ಅದಕ್ಕೇ ನಮ್ಮ ಡಾಕ್ಟರು, ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಶೇಕಡಾ 6.5ರ ಕೆಳಗೆ ಬರುವವರೆಗೂ ಗರ್ಭನಿರೋಧಕ ಬಿಡಬೇಡಿ ಅಂದರು. 10ರ ಮೇಲಿದ್ದರೆ ಸದ್ಯಕ್ಕೆ ಬಸಿರಾಗಲೇಬೇಡಿ ಅಂತ ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ ಮಾರ್ಗಸೂಚಿಯೂ ಹೇಳುತ್ತದೆ. ಫೋಲಿಕ್ ಆಸಿಡ್ 5 ಮಿಲಿಗ್ರಾಂ ಮಾತ್ರೆಯನ್ನೂ ಆಗಲೇ ಶುರು ಮಾಡಿದೆ, ಬಸಿರಿನ 12 ವಾರದವರೆಗೂ ನಿಲ್ಲಿಸಲಿಲ್ಲ.

ನನ್ನ ಎಚ್‌ಬಿಎ1ಸಿ ಆಗ 8ರ ಮೇಲಿತ್ತು. ಒಂದೇ ತಿಂಗಳಲ್ಲಿ ಇಳಿಸಿಬಿಡೋಣ ಅನ್ನುವಷ್ಟು ಉತ್ಸಾಹ ನನಗೆ. ತಡೆದದ್ದು ಕಣ್ಣಿನ ಡಾಕ್ಟರು. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ರೆಟಿನಾದ ಫೋಟೊ ತೆಗೆದು, ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಡ್ರಾಪ್ಸ್‌ನಿಂದ ಕಣ್ಣು ಮಂಜಾಗಿತ್ತು, ಮುಖ ಹತ್ತಿರ ತಂದು ನೋಡಬೇಕಾಯಿತು. ಕಿತ್ತಳೆ ಬಣ್ಣದ ವೃತ್ತದ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. "ನೋಡಿಮ್ಮ, ಇವು ರಕ್ತನಾಳದ ಸಣ್ಣ ಉಬ್ಬುಗಳು. ಶುಗರ್ ದಿಢೀರ್ ಅಂತ ಇಳಿಸಿದರೆ ಇದು ಸ್ವಲ್ಪ ದಿನ ಜಾಸ್ತಿಯಾಗಬಹುದು. ಬಸಿರೂ ಇದನ್ನು ಜಾಸ್ತಿ ಮಾಡುತ್ತದೆ. ಎರಡೂ ಒಟ್ಟಿಗೆ ಬೇಡ. ನಿಧಾನವಾಗಿ ಇಳಿಸಿ, ನಾನು ಇನ್ನೊಮ್ಮೆ ನೋಡುತ್ತೇನೆ, ಆಮೇಲೆ ಮುಂದುವರಿಯಿರಿ" ಅಂದರು.

ನನಗೆ ಸಿಕ್ಕ ಸಲಹೆಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಇದೇ. ಶುಗರ್ ಇಳಿಸಲು ಹೇಳುವವರು ತುಂಬಾ ಜನ. ಅದಕ್ಕೆ ಮೊದಲು ಕಣ್ಣು ತೋರಿಸಿಕೊಳ್ಳಿ ಅನ್ನುವವರು ಕಡಿಮೆ. ರೆಟಿನೋಪತಿ ಮುಂದುವರಿದು ಹೊಸ ರಕ್ತನಾಳ ಬೆಳೆಯುವ ಹಂತದಲ್ಲಿದ್ದರೆ ಬಸಿರಿಗೆ ಮೊದಲೇ ಲೇಸರ್ ಮಾಡಿಸಿಕೊಳ್ಳಬೇಕು. ಅಗತ್ಯ ಬಿದ್ದರೆ ಬಸಿರಿನಲ್ಲೂ ಲೇಸರ್ ಮಾಡುತ್ತಾರೆ. ಆದರೆ ಕಣ್ಣಿಗೆ ಕೊಡುವ ಕೆಲವು ಇಂಜೆಕ್ಷನ್‌ಗಳನ್ನು ಆಗ ಸಾಧ್ಯವಾದಷ್ಟು ದೂರ ಇಡುತ್ತಾರೆ. ನನಗೆ ಲೇಸರ್ ಬೇಕಾಗಲಿಲ್ಲ. ಶುಗರ್ ಇಳಿಯಲು ತಿಂಗಳುಗಳೇ ಹಿಡಿದವು. ಎರಡನೇ ಫೋಟೊದಲ್ಲಿ ಚುಕ್ಕೆಗಳು ಇದ್ದಷ್ಟೇ ಇದ್ದವು.

ಕಿಡ್ನಿಯದು ಬೇರೆ ಕಥೆ. ಆಲ್ಬುಮಿನ್ ತಡೆಯಲು ನಾನು ರಾಮಿಪ್ರಿಲ್ ನುಂಗುತ್ತಿದ್ದೆ. ಕಿಡ್ನಿಗೆ ಅದು ಒಳ್ಳೆಯ ಔಷಧ, ಹೊಟ್ಟೆಯಲ್ಲಿರುವ ಮಗುವಿಗೆ ಮಾತ್ರ ಆಗಿಬರುವುದಿಲ್ಲ. ಟೆಲ್ಮಿಸಾರ್ಟನ್, ಲೊಸಾರ್ಟನ್ ಕೂಡ ಹಾಗೇ. ಡಾಕ್ಟರು ಅದನ್ನು ನಿಲ್ಲಿಸಿ ಲ್ಯಾಬೆಟಲಾಲ್ ಅನ್ನುವ ಬಿಪಿ ಮಾತ್ರೆ ಕೊಟ್ಟರು. ಕೊಲೆಸ್ಟ್ರಾಲಿನ ಮಾತ್ರೆಯನ್ನೂ ನಿಲ್ಲಿಸಿದರು. ನೀವಾಗಿಯೇ ಮಾತ್ರೆ ಬಿಡಬೇಡಿ, ಬದಲಿ ಮಾತ್ರೆ ಬರೆಸಿಕೊಂಡು ಬಿಡಿ. ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ತೋರಿಸುವ ನನ್ನ ಕ್ರಿಯಾಟಿನಿನ್ ಸರಿಯಾಗಿತ್ತು, ಅದು ದೊಡ್ಡ ಸಮಾಧಾನ. 1.4 ದಾಟಿದವರಿಗೆ ಬಸಿರಿನ ಒತ್ತಡಕ್ಕೆ ಕಿಡ್ನಿ ಶಾಶ್ವತವಾಗಿ ಹದಗೆಡುವ ಭಯ ಇರುತ್ತದೆ. ಅಂಥವರು ಕಿಡ್ನಿ ಡಾಕ್ಟರ ಹತ್ತಿರ ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಲೇಬೇಕು. ನನ್ನಷ್ಟೇ ಆಲ್ಬುಮಿನ್ ಇರುವವರಿಗೂ ಬಸಿರಿನಲ್ಲಿ ಬಿಪಿ ಏರುವ, ಪ್ರಿ-ಎಕ್ಲಾಂಪ್ಸಿಯಾ (ಬಿಪಿ ಏರಿ ತಾಯಿ, ಮಗು ಇಬ್ಬರಿಗೂ ಅಪಾಯ ತರುವ ಕಾಯಿಲೆ) ಬರುವ ಸಾಧ್ಯತೆ ಜಾಸ್ತಿ. ಅದಕ್ಕೆ 12ನೇ ವಾರದಿಂದ ಕಡಿಮೆ ಡೋಸಿನ ಆಸ್ಪಿರಿನ್ ಶುರು ಮಾಡಿದರು. ಮನೆಯಲ್ಲೇ ಬಿಪಿ ನೋಡಿ ಬರೆದಿಡುತ್ತಿದ್ದೆ.

"ಬಸಿರಾದರೆ ಕಣ್ಣೂ ಹೋಗುತ್ತೆ, ಕಿಡ್ನಿಯೂ ಹೋಗುತ್ತೆ" ಅಂತ ಹೆದರಿಸುವವರು ಎಲ್ಲರ ಸುತ್ತಲೂ ಇರುತ್ತಾರೆ. ಅಧ್ಯಯನ ಹೇಳುವುದು ಬೇರೆ. ಟೈಪ್ 1 ಇರುವವರ ಮೇಲೆ ವರ್ಷಗಟ್ಟಲೆ ನಡೆದ ಅಮೆರಿಕದ ಡಿಸಿಸಿಟಿ ಅಧ್ಯಯನದಲ್ಲಿದ್ದ ಹೆಣ್ಣುಮಕ್ಕಳ ವಿವರ 2000ದಲ್ಲಿ ಪ್ರಕಟವಾಯಿತು. ಬಸಿರಿನಲ್ಲಿ ಮತ್ತು ಹೆರಿಗೆಯಾದ ವರ್ಷದಲ್ಲಿ ರೆಟಿನೋಪತಿ ಜಾಸ್ತಿಯಾಗುವುದು ನಿಜ. ಆದರೆ ಅಧ್ಯಯನ ಮುಗಿಯುವ ಹೊತ್ತಿಗೆ ಹೆತ್ತವರಿಗೂ ಹೆರದವರಿಗೂ ಕಣ್ಣು, ಕಿಡ್ನಿಯ ಸ್ಥಿತಿಯಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಕಾಯಿಲೆ ತುಂಬಾ ಮುಂದುವರಿದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ, ಅದನ್ನೂ ನೆನಪಿಡಬೇಕು. ನನ್ನ ಮಟ್ಟದ ತೊಂದರೆ ಇರುವವರಿಗೆ ಧೈರ್ಯ ಕೊಡುವ ವಿಷಯ ಅದು. ನಾನಂತೂ ಅದನ್ನು ಓದಿದ ಮೇಲೆ ಗಟ್ಟಿಯಾದೆ.

ಬಸಿರಾದ ಮೇಲೆ ಮೊದಲು ಕಾಡಿದ್ದು ಲೋ ಶುಗರ್, ಅಂದರೆ ಶುಗರ್ ತೀರಾ ಇಳಿದುಬಿಡುವುದು. ಮೊದಲ ಮೂರು ತಿಂಗಳ ಕೊನೆಯ ಹೊತ್ತಿಗೆ ಇನ್ಸುಲಿನ್ ಜೋರಾಗಿ ಕೆಲಸ ಮಾಡತೊಡಗುತ್ತದೆ, ಜೊತೆಗೆ ವಾಂತಿ ಬೇರೆ. ತುಂಬಾ ವರ್ಷದಿಂದ ಡಯಾಬಿಟಿಸ್ ಇರುವ ಅನೇಕರಿಗೆ ಲೋ ಆಗುವ ಸೂಚನೆಯೇ ಸಿಗುವುದಿಲ್ಲ. ಒಂದು ಸಂಜೆ ನಾನು ಮಾತಾಡುತ್ತಾ ಕೂತಿದ್ದೆ. ನನಗೆ ಏನೂ ಅನ್ನಿಸುತ್ತಿರಲಿಲ್ಲ. "ನಿನ್ನ ಮಾತು ಯಾಕೆ ಎಳೀತಿದೆ?" ಅಂತ ಗಂಡ ಮೀಟರ್ ತಂದರು. 46 ಇತ್ತು. ಗ್ಲೂಕೋಸ್ ಪುಡಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದರು. ಅವತ್ತಿನಿಂದ ಮಂಚದ ಪಕ್ಕ, ಬ್ಯಾಗಿನಲ್ಲಿ, ಆಫೀಸಿನ ಡ್ರಾಯರಿನಲ್ಲಿ ಎಲ್ಲ ಕಡೆ ಗ್ಲೂಕೋಸ್. ಪ್ರಜ್ಞೆ ತಪ್ಪಿದರೆ ಕೊಡಬೇಕಾದ ಗ್ಲುಕಗಾನ್ ಇಂಜೆಕ್ಷನ್ ಹೇಗೆ ಹಾಕುವುದು ಅಂತ ಗಂಡ ನರ್ಸ್ ಹತ್ತಿರ ಕಲಿತರು.

ತೋಳಿಗೆ ಅಂಟಿಸಿಕೊಂಡರೆ ಹಗಲೂ ರಾತ್ರಿ ಶುಗರ್ ತೋರಿಸುತ್ತಲೇ ಇರುವ ಸಿಜಿಎಂ ಸೆನ್ಸಾರ್ ಕೈಗೆಟುಕುವುದಾದರೆ ಹಾಕಿಸಿಕೊಳ್ಳಿ ಅಂತ ನಾನು ಒತ್ತಿ ಹೇಳುತ್ತೇನೆ. ಬಸಿರಿನಲ್ಲಿ ಸೆನ್ಸಾರ್ ಬಳಸಿದ ಟೈಪ್ 1 ತಾಯಂದಿರ ಮಕ್ಕಳಲ್ಲಿ ಅತಿಯಾದ ತೂಕವೂ, ಹುಟ್ಟಿದ ಕೂಡಲೇ ಶುಗರ್ ಇಳಿಯುವುದೂ ಕಡಿಮೆ ಇತ್ತು ಅಂತ 2017ರ ಕಾನ್ಸೆಪ್ಟ್ ಅಧ್ಯಯನ ತೋರಿಸಿದೆ. ದಿನದ ಶೇಕಡಾ 70ಕ್ಕಿಂತ ಜಾಸ್ತಿ ಹೊತ್ತು ಶುಗರ್ 63ರಿಂದ 140ರ ಒಳಗೆ ಇರಬೇಕು ಅನ್ನುವುದು ನಮ್ಮ ಗುರಿ. ದಿನವೂ ಅದು ಆಗುವುದಿಲ್ಲ. ಆಗದ ದಿನ ಕೊರಗುವುದಕ್ಕಿಂತ ಮರುದಿನದ ಡೋಸ್ ಸರಿ ಮಾಡುವುದು ಮೇಲು.

ನಾಲ್ಕು ತಿಂಗಳು ದಾಟಿದ ಮೇಲೆ ಪೂರ್ತಿ ಉಲ್ಟಾ. ವಾರ ವಾರಕ್ಕೂ ಇನ್ಸುಲಿನ್ ಏರಿಸುತ್ತಾ ಹೋಗಬೇಕಾಯಿತು. ಕೊನೆಗೆ ಮೊದಲಿನ ಎರಡರಷ್ಟಕ್ಕೆ ಬಂತು. ಮಾಸಿನಿಂದ (ಪ್ಲಾಸೆಂಟಾದಿಂದ) ಬರುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸವನ್ನು ತಡೆಯುತ್ತವೆ, ಅದು ಸಹಜ. ಕೊನೆಯ ವಾರಗಳಲ್ಲಿ ಕಾರಣವಿಲ್ಲದೆ ಡೋಸ್ ತಟ್ಟನೆ ಇಳಿಯತೊಡಗಿದರೆ ಮಾತ್ರ ಸುಮ್ನೆ ಇರಬೇಡಿ, ಡಾಕ್ಟರಿಗೆ ತಿಳಿಸಿ. ವಾಂತಿ, ಜ್ವರ ಬಂದ ದಿನ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬು ಕರಗಿಸುವಾಗ ಹುಟ್ಟುವ ಆಮ್ಲ) ನೋಡಿಕೊಳ್ಳಿ. ಬಸಿರಿನಲ್ಲಿ ಶುಗರ್ 200 ಮುಟ್ಟದಿದ್ದರೂ ಆ ಆಮ್ಲ ರಕ್ತದಲ್ಲಿ ಏರಿ, ಜೀವಕ್ಕೇ ಅಪಾಯವಾದ ಕೀಟೋಅಸಿಡೋಸಿಸ್ ಆಗಬಹುದು. ಊಟ ಸೇರುತ್ತಿಲ್ಲ ಅಂತ ಇನ್ಸುಲಿನ್ ಪೂರ್ತಿ ನಿಲ್ಲಿಸುವುದು ತುಂಬಾ ಅಪಾಯ.

ಕಣ್ಣನ್ನು ಮೊದಲ ಮೂರು ತಿಂಗಳಲ್ಲಿ, ಐದನೇ ತಿಂಗಳ ಹೊತ್ತಿಗೆ, ಮತ್ತೆ 28ನೇ ವಾರದಲ್ಲಿ ತೋರಿಸಿದೆ. ಕೊನೆಯ ಸಲ ಚುಕ್ಕೆಗಳು ಸ್ವಲ್ಪ ಜಾಸ್ತಿ ಇದ್ದವು. ಚಿಕಿತ್ಸೆ ಬೇಕಾಗುವಷ್ಟಲ್ಲ. ಸ್ಕ್ಯಾನ್‌ಗಳ ಬಗ್ಗೆ ಹೆರಿಗೆ ಡಾಕ್ಟರು ಹೇಳಿಯೇ ಹೇಳುತ್ತಾರೆ, ಇಲ್ಲಿ ಅದನ್ನು ಬೆಳೆಸುವುದಿಲ್ಲ. 37 ವಾರ ತುಂಬಿದ ಮೇಲೆ ಹೆರಿಗೆ ಮಾಡಿಸಿದರು. ಮಗುವಿನ ಶುಗರ್ ಒಮ್ಮೆ ಇಳಿಯಿತು, ಬೇಗ ಹಾಲು ಕೊಟ್ಟ ಮೇಲೆ ಸರಿಹೋಯಿತು.

ಮಾಸು ಹೊರಬಂದ ಗಳಿಗೆಯಿಂದಲೇ ಇನ್ಸುಲಿನ್ ಬೇಡಿಕೆ ಕುಸಿಯುತ್ತದೆ. ನನಗೆ ಬಸಿರಿಗೆ ಮೊದಲಿನ ಡೋಸೂ ಜಾಸ್ತಿಯಾಗುತ್ತಿತ್ತು. ಹೆರಿಗೆಯ ನಂತರದ ಡೋಸ್ ಎಷ್ಟು ಅಂತ ಮೊದಲೇ ಕಾಗದದ ಮೇಲೆ ಬರೆಸಿಕೊಂಡು ಫೈಲಿನಲ್ಲಿ ಇಟ್ಟಿದ್ದೆವು. ಡ್ಯೂಟಿಗೆ ಬಂದ ಪ್ರತಿಯೊಬ್ಬ ನರ್ಸಿಗೂ ಗಂಡ ಅದನ್ನು ತೋರಿಸಿದರು. ಎದೆಹಾಲು ಕೊಡುವಾಗಲೂ ಶುಗರ್ ಇಳಿಯುತ್ತದೆ, ಅದಕ್ಕೆ ಪಕ್ಕದಲ್ಲಿ ತಿನ್ನಲು ಏನಾದರೂ ಇಟ್ಟುಕೊಂಡೇ ಕೂರುತ್ತಿದ್ದೆ.

ಆಮೇಲೆ ಎಲ್ಲರ ಗಮನ ಮಗುವಿನ ಕಡೆ ಹೋಗುತ್ತದೆ, ಅಲ್ವಾ? ತಾಯಿಯ ಕಣ್ಣಿಗೆ ಅಪಾಯ ಇನ್ನೂ ಒಂದು ವರ್ಷ ಇದ್ದೇ ಇರುತ್ತದೆ. ಹೆರಿಗೆಯ ನಂತರದ ರೆಟಿನಾ ಪರೀಕ್ಷೆಯ ದಿನವನ್ನು ಬಸಿರಿನಲ್ಲಿರುವಾಗಲೇ ಗೊತ್ತು ಮಾಡಿಸಿಕೊಳ್ಳಿ. ಅದೇ ಸಲ ಆಲ್ಬುಮಿನ್, ಕ್ರಿಯಾಟಿನಿನ್, ಥೈರಾಯ್ಡ್ ಕೂಡ ಮಾಡಿಸಿ. ಕಿಡ್ನಿಯ ಮಾತ್ರೆ ಯಾವಾಗ ಮತ್ತೆ ಶುರು ಮಾಡಬೇಕು, ಎದೆಹಾಲು ಕೊಡುವಾಗ ಯಾವುದು ಆದೀತು ಅಂತ ಕೇಳಿ. ಇನ್ನೊಂದು ಮಗುವಿಗೆ ತಯಾರಾಗುವವರೆಗೂ ಗರ್ಭನಿರೋಧಕ ಯಾವುದು ಅನ್ನುವುದನ್ನೂ ಅದೇ ದಿನ ಮಾತಾಡಿ ಮುಗಿಸಿ.